ಚೌಡಪ್ಪನವರ ಡಿಸ್ಕೋ

ನನ್ನ ಮೇಜಿನ ಮೇಲಿರುವ ಪೆನ್ನಿನ ಡಬ್ಬಿಯಲ್ಲಿ ಒಂದು ಕೆಂಪು ಪೆನ್ನು, ಎರಡು ನೀಲಿ ಪೆನ್ನು, ಅಂಚು ಸವೆದ ಸ್ಕೇಲು, ಇವುಗಳ ನಡುವೆ ಒಂದು ಬಿದಿರು ಕಡ್ಡಿ ಇದೆ. ಮೊಳದುದ್ದದ್ದು. ಹಿಡಿಯುವ ಕಡೆ ಬೆವರು ಕುಡಿದು ಕಪ್ಪಾಗಿದೆ, ಇನ್ನೊಂದು ತುದಿ ಬಳುಕುತ್ತದೆ. ಶಾಲೆಯ ತಪಾಸಣೆಗೆ ಬಂದವರ ಕಣ್ಣು ಮೊದಲು ಬೀಳುವುದೇ ಅದರ ಮೇಲೆ. ಮಕ್ಕಳನ್ನು ಹೊಡೆಯುವ ಹಾಗಿಲ್ಲವಲ್ಲ ಮೇಡಂ ಎಂದು ದನಿ ತಗ್ಗಿಸಿ ಕೇಳುತ್ತಾರೆ. ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿ ಖುಷಿಪಟ್ಟು, ಆಮೇಲೆ ಇದು ತಮಟೆಯ ಕಡ್ಡಿ ಎಂದು ಹೇಳುತ್ತೇನೆ. ನಮ್ಮ ಗಣಿತದ ಮೇಷ್ಟ್ರು ಒಂದು ದಿನ ಇದರಿಂದ ಬೆನ್ನು ಕೆರೆದುಕೊಳ್ಳುತ್ತಿದ್ದರು. ಅಂದಿನಿಂದ ಅವರಿಗೂ ನನಗೂ ಮಾತು ಕಮ್ಮಿ.

ಈ ಕಡ್ಡಿ ಕೈಗೆ ಸಿಕ್ಕಾಗಲೆಲ್ಲ ನನಗೆ ಒಂದು ಇಂಗ್ಲಿಷ್ ಪದ ನೆನಪಾಗುತ್ತದೆ. ಡಿಸ್ಕೋ. ತಮಟೆ ಕಡ್ಡಿಗೂ ಡಿಸ್ಕೋಗೂ ಎಲ್ಲಿಯ ಸಂಬಂಧ ಎಂದು ನೀವು ಹುಬ್ಬೇರಿಸಬಹುದು. ನಾನು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಪದಗಳ ಅರ್ಥ ಹೇಳಿಯೇ ನನ್ನ ಹೊಟ್ಟೆ ತುಂಬುತ್ತಿದೆ. ಆದರೂ ಈ ಒಂದು ಪದದ ಅರ್ಥ ಗೊತ್ತಾಗುವುದಕ್ಕೆ ನನಗೆ ಐವತ್ತು ದಾಟಬೇಕಾಯಿತು.

ಒಂಬತ್ತನೇ ತರಗತಿಯ ಹರ್ಷಿತಾ ಎಂಬ ಹುಡುಗಿ ಒಂದು ದಿನ ಪಾಠದ ಮಧ್ಯೆ ಎದ್ದುನಿಂತು, ಮಿಸ್, ಡಿಸ್ಕೋ ಅಂದರೇನು ಎಂದು ಕೇಳಿದಳು. ಈಗಿನ ಮಕ್ಕಳಿಗೆ ಕುಣಿಯುವ ಸಂಗೀತವೆಂದರೆ ಡಿಜೆ. ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಪೆಟ್ಟಿಗೆಗಳನ್ನು ಪೇರಿಸಿ, ಕಿಟಕಿ ಗಾಜು ನಡುಗುವ ಹಾಗೆ ಹಾಕುವಂಥದ್ದು. ಡಿಸ್ಕೋ ಅವರ ಪಾಲಿಗೆ ಅಜ್ಜಿಯರ ಕಾಲದ ಮಾತು. ನಾನು ನಿಘಂಟಿನ ಅರ್ಥ ಹೇಳಿದೆ. ಕುಣಿತಕ್ಕೆಂದೇ ಮಾಡಿದ, ಒಂದೇ ಸಮನೆ ಬಡಿಯುವ ತಾಳದ ಸಂಗೀತ, ಅಂಥ ಸಂಗೀತ ಹಾಕಿ ಕುಣಿಯುವ ಜಾಗಕ್ಕೂ ಆ ಹೆಸರಿದೆ ಎಂದೆ. ಇಡೀ ತರಗತಿ ಬರೆದುಕೊಂಡಿತು. ಹರ್ಷಿತಾ ಮಾತ್ರ ಪೆನ್ನು ಮುಟ್ಟಲಿಲ್ಲ.

"ನಮ್ಮಜ್ಜಿ ಹೇಳೋದು ಅದಲ್ಲ ಮಿಸ್. ಚೌಡಪ್ಪ ತಾತ ತಮಟೆಯಾಗೆ ಹೊಡೀತಿದ್ರಂತಲ್ಲ, ಆ ಡಿಸ್ಕೋ," ಎಂದಳು.

ನನ್ನ ಕೈಯಲ್ಲಿದ್ದ ಚಾಕ್‌ಪೀಸು ಹಾಗೇ ನಿಂತಿತು. ಚೌಡಪ್ಪನವರ ಹೆಸರು ಕೇಳಿ ಎಷ್ಟು ಕಾಲವಾಗಿತ್ತೋ. ಆದರೆ ಅವರ ವಿಷಯಕ್ಕೆ ಬರುವ ಮೊದಲು, ಈ ಪದ ನಮ್ಮ ಸೀಮೆಯಲ್ಲಿ ಎಲ್ಲೆಲ್ಲಿ ಸುತ್ತಾಡಿದೆ ಎಂಬುದನ್ನು ಒಂದಿಷ್ಟು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ.

ನಾನು ಕೋಲಾರದಲ್ಲಿ ಕಾಲೇಜಿಗೆ ಹೋಗುವಾಗ ಬಳೆ ಅಂಗಡಿಯಲ್ಲಿ ಡಿಸ್ಕೋ ಬಳೆ ಸಿಗುತ್ತಿತ್ತು. ಕೈ ಅಲ್ಲಾಡಿಸಿದರೆ ಚೂರುಪಾರು ಮಿಂಚುತ್ತಿತ್ತು, ಪಾತ್ರೆ ತೊಳೆದರೆ ಆ ಮಿಂಚೆಲ್ಲ ಪಾತ್ರೆಗೆ ಹತ್ತುತ್ತಿತ್ತು. ಮಿಣಮಿಣ ಎನ್ನುವ ರವಿಕೆ ಬಟ್ಟೆ ಡಿಸ್ಕೋ ಪೀಸು. ಒಳಗೆ ಬಣ್ಣದ ದೀಪ ಹತ್ತಿ ಆರುವ ಬಸ್ಸು ಡಿಸ್ಕೋ ಬಸ್ಸು. ಸುಗಟೂರಿನಲ್ಲಿ ರೇಷ್ಮೆ ಹುಳು ಸಾಕುವ ನನ್ನ ಗೆಳತಿಯ ಮನೆಯವರು, ಹಣ್ಣಾದ ಹುಳುಗಳು ಮೇಯುವುದನ್ನು ಬಿಟ್ಟು ತಲೆಯೆತ್ತಿ ಅತ್ತಿತ್ತ ಆಡಿಸಲು ತೊಡಗಿದರೆ, ಹುಳ ಡಿಸ್ಕೋಗೆ ಬಂತು, ಗೂಡು ಕಟ್ಟಿಸುವ ಚಂದ್ರಿಕೆ ತೆಗೆಯಿರಿ ಎನ್ನುತ್ತಾರೆ. ಮದುವೆಯಾಗಿ ಮಾಲೂರಿನ ಕಡೆ, ಮಾಸ್ತಿಯ ಹತ್ತಿರದ ಮನೆಗೆ ಸೊಸೆಯಾಗಿ ಹೋದ ಮೊದಲ ಬೆಳಗ್ಗೆ ನನ್ನ ಅತ್ತೆ, ಡಿಸ್ಕೋಗೆ ಒಂದು ಹಿಡಿ ಹುಲ್ಲು ಹಾಕಿ ಬಾರಮ್ಮ ಎಂದರು. ಹಿತ್ತಿಲಿಗೆ ಹೋಗಿ ನೋಡಿದರೆ, ಸೊಂಟ ಬಳುಕಿಸುತ್ತ ನಡೆಯುವ ಒಂದು ಸೀಮೆಹಸು. ನಾನು ಹೊಸ ಸೊಸೆ, ನಗು ತಡೆದುಕೊಳ್ಳಲು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಹೆದರಿ ಅಳುತ್ತಿದ್ದಾಳೆ ಎಂದುಕೊಂಡ ಅತ್ತೆ ಬಂದು ಸಮಾಧಾನ ಮಾಡಿದರು.

ಆದರೆ ಈ ಎಲ್ಲಕ್ಕಿಂತ ಮುಂಚೆ, ನನ್ನ ಏಳೋ ಎಂಟೋ ವಯಸ್ಸಿನಲ್ಲೇ, ಡಿಸ್ಕೋ ಎಂದರೆ ಏನು ಎಂಬುದು ನನಗೆ ಕಣ್ಣಾರೆ ಕಂಡು ಗೊತ್ತಿತ್ತು. ಅದನ್ನು ನೋಡಿದ್ದು ನನ್ನ ಚಿಕ್ಕಮ್ಮನ ಮದುವೆಯಲ್ಲಿ.

ನಾನು ಬೆಳೆದದ್ದು ಶ್ರೀನಿವಾಸಪುರದ ಕಡೆ, ನನ್ನ ತಾಯಿಯ ತವರಿನಲ್ಲಿ. ಅರ್ಧ ತೆಲುಗು ಅರ್ಧ ಕನ್ನಡದ ಮನೆ. ಬೈಯುವುದು ತೆಲುಗಿನಲ್ಲಿ, ಪರೀಕ್ಷೆ ಬರೆಯುವುದು ಕನ್ನಡದಲ್ಲಿ. ಆ ಮನೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವನು ತಾಯಿಯ ತಮ್ಮ, ಗೋಪಾಲ ಮಾವ. ಅವನಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸಣ್ಣಗಿತ್ತು. ಬಲಗಾಲನ್ನು ಗಟ್ಟಿಯಾಗಿ ಊರುತ್ತಿದ್ದ, ಎಡಗೈಯಿಂದ ಮಂಡಿಯನ್ನು ಒತ್ತಿಕೊಳ್ಳುತ್ತಿದ್ದ, ಒಂದು ಕ್ಷಣ ತಡೆದು ಎಡಗಾಲು ಹಿಂದಿನಿಂದ ಬರುತ್ತಿತ್ತು. ನಾನು ಅವನ ಹಿಂದೆ ಮಾವಿನ ತೋಪಿನ ಬದುವಿನ ಮೇಲೆ, ಕೈಯನ್ನು ಮಂಡಿಗೆ ಒತ್ತಿಕೊಂಡು, ಅವನ ಹಾಗೇ ನಡೆಯುತ್ತಿದ್ದೆ. ಅಣಕಿಸುತ್ತಿದ್ದೇನೆ ಎಂದು ಅಮ್ಮ ಒಂದು ಸಲ ತಲೆಗೆ ಮೊಟಕಿದಳು. ಮಾವ ತಿರುಗಿ ನೋಡಿ, "ಬಿಡಕ್ಕಾ, ಒಬ್ಳಾದ್ರೂ ನನ್ನ ಹೆಜ್ಜೆಗೆ ಬರ್ತಾವ್ಳೆ," ಎಂದ. ನನಗೆ ಅವನೆಂದರೆ ಪ್ರಾಣ.

ಚಿಕ್ಕಮ್ಮನ ಮದುವೆಗೆ ಗಂಡಿನ ಕಡೆಯವರು ಕೋಲಾರದಿಂದ ಬಂದರು. ಮಧ್ಯಾಹ್ನದ ಬಿಸಿಲು, ಕೆರೆಯ ಕಟ್ಟೆಯ ಹತ್ತಿರ ಅವರನ್ನು ಎದುರುಗೊಳ್ಳಲು ನಮ್ಮವರೆಲ್ಲ ನಿಂತಿದ್ದರು. ಮುಳಬಾಗಿಲು ಕಡೆಯ ತಮಟೆಯ ಮೇಳ ಬಂದಿತ್ತು. ನಾನು ಮಾವಿನ ಕಾಯಿಯ ಖಾಲಿ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನೋಡುತ್ತಿದ್ದೆ. ಗಂಟೆಯಂತೆ ಅಗಲವಾದ ಪ್ಯಾಂಟು ತೊಟ್ಟ ಗಂಡಿನ ಕಡೆಯ ಯುವಕರು, ಡಿಸ್ಕೋ ಹೊಡೀರಿ ಎಂದು ಕೂಗಿದರು. ಮೇಳದ ಮುಂದಿದ್ದವರೇ ಚೌಡಪ್ಪ. ಆಗ ಅವರಿಗೆ ಮೂವತ್ತರ ಆಸುಪಾಸು ಇರಬಹುದು. ಏನೋ ಗೊಂದಲ ನಡೆಯಿತು, ನಗುವೂ ಕೇಳಿಸಿತು. ಆಮೇಲೆ ತಮಟೆ ಶುರುವಾಯಿತು. ಅದನ್ನು ಬರೆದು ತೋರಿಸಲು ಆಗುವುದಿಲ್ಲ, ಆದರೂ ಪ್ರಯತ್ನ ಮಾಡುತ್ತೇನೆ. ಓಡುವ ಮೂರು ಏಟು, ಆಮೇಲೆ ಒಂದು ಖಾಲಿ ಜಾಗ, ಆಮೇಲೆ ಹಿಂದಿನಿಂದ ಓಡಿಬಂದು ಸೇರಿಕೊಳ್ಳುವ ಎರಡು ಏಟು. ನನ್ನ ಗೋಪಾಲ ಮಾವ ಎಲ್ಲರ ಮುಂದೆ ಕುಣಿಯುತ್ತಿದ್ದ. ಸ್ವಲ್ಪ ಹೊತ್ತಿನಲ್ಲಿ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಎಲ್ಲರೂ ಕುಣಿದರು, ಎಲ್ಲರ ಎಡಗಾಲೂ ಒಂದು ಕ್ಷಣ ತಡೆದು ಹಿಂದಿನಿಂದ ಬರುತ್ತಿತ್ತು.

ಮರುದಿನದಿಂದ ನಮ್ಮೂರ ಮಕ್ಕಳೆಲ್ಲ ಡಿಸ್ಕೋ ಆಡಿದ್ದೇ ಆಡಿದ್ದು. ಮೈಯೆಲ್ಲ ಅಲ್ಲಾಡಿಸಿ, ಎಡಗಾಲು ಎಳೆದು ಹಾಕುವುದು. ಡಿಸ್ಕೋ ಎಂದರೆ ಕುಂಟಿಕೊಂಡು ಮಾಡುವ ಕುಣಿತ ಎಂದು ನಾವು ಸಂಶಯವೇ ಇಲ್ಲದೆ ನಂಬಿದ್ದೆವು. ಚೌಡಪ್ಪನವರ ಡಿಸ್ಕೋ ಅಲ್ಲಿಂದ ನಾಲ್ಕು ತಾಲ್ಲೂಕು ಸುತ್ತಿತು. ಯಾರ ಮನೆಯಲ್ಲಿ ಶುಭಕಾರ್ಯವಾದರೂ ಜನ ಅದನ್ನು ಕೇಳಿ ಹೊಡೆಸುತ್ತಿದ್ದರು. ಮುಂದೆ ಗೋಪಾಲ ಮಾವ ಶ್ರೀನಿವಾಸಪುರದಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಾಗ ಬೋರ್ಡಿನ ಮೇಲೆ ಡಿಸ್ಕೋ ಟೈಲರ್ಸ್ ಎಂದು ಬರೆಸಿದ. ಗಂಟೆ ಪ್ಯಾಂಟು ಹೊಲಿಯುವವನು, ಅದಕ್ಕೆ ಆ ಹೆಸರು ಎಂದುಕೊಂಡೆ. ನನ್ನ ಬುದ್ಧಿ ಅಲ್ಲಿಗೆ ನಿಂತಿತು.

ಈ ವಿದ್ಯೆಯನ್ನು ಕಟ್ಟಿಕೊಂಡು ನಾನು ಕೋಲಾರದ ಕಾಲೇಜಿಗೆ ಸೇರಿದೆ. ಹಾಸ್ಟೆಲಿನಲ್ಲಿ ಒಂದು ಸಂಜೆ ಗೆಳತಿಯರು ಟೇಪ್ ರೆಕಾರ್ಡರ್ ಹಾಕಿಕೊಂಡು ಡಿಸ್ಕೋ ಕುಣಿಯುತ್ತಿದ್ದರು. ಒಬ್ಬಳೂ ಕುಂಟುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ನಿಮಗೆ ಯಾರು ಕಲಿಸಿದ್ದು, ಇದು ಡಿಸ್ಕೋನೇ ಅಲ್ಲ ಎಂದು ಹೇಳಿ, ಮಧ್ಯೆ ಹೋಗಿ ನಿಂತು, ಲಂಗ ಎತ್ತಿಕಟ್ಟಿ, ನಮ್ಮೂರ ಡಿಸ್ಕೋ ಮಾಡಿ ತೋರಿಸಿದೆ. ಅವರು ಮೊದಲು ಕಾಲು ಉಳುಕಿತೇ ಎಂದು ಗಾಬರಿಯಾದರು. ಆಮೇಲೆ ನಕ್ಕರು. ಆ ನಗು ಮೂರು ವರ್ಷ ಹಾಸ್ಟೆಲಿನ ಮೆಟ್ಟಿಲು ಹತ್ತಿ ಇಳಿಯಿತು. ನಾನು ಅಂದೇ ಕುಣಿತಕ್ಕೆ ಕೈಮುಗಿದೆ. ಆಮೇಲೆ ತಂಗಿಯ ಮದುವೆಯಲ್ಲಿ ಕುಣಿಯಲಿಲ್ಲ, ಮಗಳ ಮದುವೆಯಲ್ಲೂ ಕುಣಿಯಲಿಲ್ಲ. ಶಾಲೆಯಲ್ಲಿ ಎಲ್ಲ ಮೇಡಂಗಳೂ ಮಕ್ಕಳ ಜೊತೆ ಹೆಜ್ಜೆ ಹಾಕುವಾಗ ನಾನು ಮೈಕು ಹಿಡಿದು ನಿರೂಪಣೆ ಮಾಡುತ್ತಿದ್ದೆ.

ಹರ್ಷಿತಾಳ ಪ್ರಶ್ನೆಗೆ ಮತ್ತೆ ಬರುತ್ತೇನೆ. ಚೌಡಪ್ಪನವರ ಊರು ನಮ್ಮ ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದೆ ಎಂದು ಅವಳಿಂದಲೇ ತಿಳಿಯಿತು. ಅಷ್ಟು ವರ್ಷ ನಾನು ಅದೇ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದ್ದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಹೆಣ್ಣುಮಕ್ಕಳ ತಮಟೆ ಮೇಳ ಕಟ್ಟಿದರೆ ಹೇಗೆ ಎಂಬ ಯೋಚನೆ ತಲೆಗೆ ಬಂತು. ಒಂದು ಶನಿವಾರ ಹರ್ಷಿತಾಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಚೌಡಪ್ಪ ಹೊಂಗೆ ಮರದ ಕೆಳಗೆ ಕೂತು ಹುಣಸೆ ಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಒಳಗೆ ಗೋಡೆಯ ಮೊಳೆಗೆ ತಮಟೆ ತೂಗುಹಾಕಿ ಮೇಲೆ ಸಿಮೆಂಟಿನ ಚೀಲ ಹೊದಿಸಿದ್ದರು. ನಾನು ವಿಷಯ ಹೇಳಿದೆ. ಅವರು ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಲ್ಲಿಂದ ಮೇಲೆ ಹೋಗುವುದಿಲ್ಲ ಎಂದು ತೋರಿಸಿದರು. ಭುಜ ಹಿಡಿದು ಎರಡು ವರ್ಷವಾಗಿತ್ತಂತೆ.

"ಬೇರೆ ಏಟೆಲ್ಲ ಬೇರೆಯೋರ ಕೈಯಾಗೂ ಐತೆ ತಾಯಿ. ಡಿಸ್ಕೋ ಒಂದು ಮಾತ್ರ ಯಾರೂ ಈಸ್ಕೊಳ್ಲಿಲ್ಲ," ಎಂದರು. "ಅದೊಂದು ಯಾರ್ಗಾದ್ರೂ ಕೊಟ್ಬಿಟ್ರೆ ಸಾಕು ನಂಗೆ."

ಹಲವರು ಕಲಿಯಲು ಬಂದಿದ್ದರಂತೆ. ಏಟು ಬರುತ್ತಿತ್ತು, ನಡುವಿನ ಆ ಖಾಲಿ ಜಾಗ ಬರುತ್ತಿರಲಿಲ್ಲ. ಅವಸರಪಟ್ಟು ತುಂಬಿಸಿಬಿಡುತ್ತಿದ್ದರು. ಸದ್ದಿಲ್ಲದ ಕಡೆ ಸುಮ್ಮನಿರುವುದಕ್ಕೆ ಜನಕ್ಕೆ ಹೆದರಿಕೆ ಎಂದು ಚೌಡಪ್ಪ ಹೇಳಿದರು. ಸೋಮವಾರದಿಂದ ಬರುವುದಾಗಿ ಒಪ್ಪಿಕೊಂಡರು.

ಸೋಮವಾರ ಅವರಿಗಿಂತ ಮೊದಲು ಅವರ ಮಗ ಮಂಜುನಾಥ ಬಂದ. ತೋಟಗಳಿಗೆ ಹನಿ ನೀರಾವರಿಯ ಪೈಪು ಹಾಕುವ ಕೆಲಸ ಅವನದು. ಬೈಕನ್ನು ಗೇಟಿನ ಹೊರಗೇ ನಿಲ್ಲಿಸಿ, ಒಳಗೆ ಬಾರದೆ, ನನ್ನನ್ನು ಕರೆಸಿದ. ತನ್ನಪ್ಪನನ್ನು ಮತ್ತೆ ತಮಟೆಗೆ ಕರೆಯುವುದು ತನಗೆ ಇಷ್ಟವಿಲ್ಲ ಎಂದು ನೇರವಾಗಿ ಹೇಳಿದ. ಸಾವಿಗೆ ಕರೆದರೂ ಹೋಗಬೇಕಿತ್ತು, ಮದುವೆಗೆ ಕರೆದರೂ ಹೋಗಬೇಕಿತ್ತು, ಆ ಬಾಳು ಸಾಕೆಂದೇ ತಾನು ಕಡ್ಡಿ ಮುಟ್ಟಲಿಲ್ಲವಂತೆ.

"ನಿಮ್ಮಂಥೋರ ಮನೆ ಮುಂದೆ ನಮ್ಮಪ್ಪ ಜೀವಮಾನವೆಲ್ಲ ನಿಂತ್ಕೊಂಡೇ ಬಾರ್ಸವ್ರೆ ಮೇಡಂ. ಒಬ್ರೂ ಕೂತ್ಕೊಳ್ಳಪ್ಪ ಅನ್ಲಿಲ್ಲ. ಇಲ್ಲೂ ಹಂಗೇ ನಿಂತ್ಕೊಳ್ಳೋದಾದ್ರೆ ಬ್ಯಾಡ."

ಚಿಕ್ಕಮ್ಮನ ಮದುವೆಯಲ್ಲಿ ತಮಟೆಯವರಿಗೆ ಎಲೆ ಹಾಕಿದ್ದು ಚಪ್ಪರದ ಹೊರಗೆ, ಹುಲ್ಲಿನ ಬಣವೆಯ ಮಗ್ಗುಲಲ್ಲಿ. ಅದನ್ನು ನಾನು ಬುಟ್ಟಿಯ ಮೇಲಿಂದ ನೋಡಿದ್ದೆ, ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ. ಮಂಜುನಾಥನ ಮುಂದೆ ನನಗೆ ನಾಚಿಕೆಯಾಯಿತು. ಅವರು ಇಲ್ಲಿಗೆ ಬರುವುದು ಮೇಷ್ಟ್ರಾಗಿ, ಅವರಿಗೆ ಕುರ್ಚಿ ಇರುತ್ತದೆ ಎಂದು ಹೇಳಿದೆ. ಹೇಳಿದ ಮೇಲೆ ಮಾಡಬೇಕಲ್ಲ. ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ಅವರ ಕೈಯಿರುವ ಕುರ್ಚಿಯನ್ನು ಎತ್ತಿಸಿಕೊಂಡು ಬಂದು ಮೈದಾನದ ಬೇವಿನ ಮರದ ಕೆಳಗೆ ಹಾಕಿಸಿದೆ. ಪಾಪ, ಆ ಎರಡು ವಾರ ಅವರು ಪ್ರಯೋಗಶಾಲೆಯ ಸ್ಟೂಲಿನ ಮೇಲೆ ಕೂತು ಸಹಿ ಹಾಕಿದರು.

ಇನ್ನು ನನ್ನ ದೊಡ್ಡ ಪ್ರಮಾದದ ವಿಷಯ. ಶಾಲೆಗೆ ಆರು ತಮಟೆಗಳನ್ನು ಕೋಲಾರದಿಂದ ತರಿಸಿದ್ದೆವು. ತಮಟೆಯನ್ನು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಕಾದರೆ ಚರ್ಮ ಬಿಗಿಯಾಗಿ ನಾದ ಏಳುತ್ತದೆ. ಇದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಚೌಡಪ್ಪ ಬರುವ ಹೊತ್ತಿಗೆ ಎಲ್ಲ ಸಿದ್ಧವಾಗಿರಲಿ, ಈ ಮೇಡಂಗೂ ಕ್ರಮ ಗೊತ್ತು ಎಂದು ಅವರಿಗೆ ಕಾಣಲಿ ಎಂದು ಒಣ ಹುಲ್ಲು ತರಿಸಿ, ಬೆಂಕಿ ಹಾಕಿಸಿ, ತಮಟೆಗಳನ್ನು ಸುತ್ತ ಒರಗಿಸಿ ನಿಲ್ಲಿಸಿದೆ. ಮಕ್ಕಳಿಗೆ ಅದರ ಬಗ್ಗೆ ಐದು ನಿಮಿಷ ಭಾಷಣವನ್ನೂ ಮಾಡಿದೆ. ಭಾಷಣದ ಕೊನೆಯಲ್ಲಿ ಒಂದು ಕೆಟ್ಟ ವಾಸನೆ ಬಂತು. ತಿರುಗಿ ನೋಡಿದರೆ ಎರಡು ತಮಟೆಗಳು ಸುಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿದ್ದವು. ಅವು ಚರ್ಮದವಲ್ಲ, ಫೈಬರಿನವು. ಕಾಯಿಸುವ ತೊಂದರೆ ಬೇಡವೆಂದೇ ಈಚೆಗೆ ಮಾಡಿದಂಥವು.

ಅಷ್ಟರಲ್ಲಿ ಚೌಡಪ್ಪ ಬಂದರು. ಬೆಂಕಿಯನ್ನು ನೋಡಿದರು, ಸುರುಟಿದವನ್ನು ನೋಡಿದರು, ನನ್ನನ್ನು ನೋಡಿದರು. ನಗಲಿಲ್ಲ. ಆ ಉಪಕಾರವನ್ನು ನಾನು ಮರೆಯಲಾರೆ. ಹುಲ್ಲು ಹಾಕಿದ್ದೀರಿ, ಕಾವು ಚೆನ್ನಾಗಿದೆ, ಸುಮ್ಮನೆ ಯಾಕೆ ಆರಬೇಕು ಎಂದು ಹೇಳಿ, ಹರ್ಷಿತಾಳನ್ನು ತಮ್ಮ ಮನೆಗೆ ಓಡಿಸಿ, ಗೋಡೆಯ ಮೇಲಿದ್ದ ಚರ್ಮದ ತಮಟೆಯನ್ನು ತರಿಸಿದರು. ಎರಡು ವರ್ಷದ ಮೇಲೆ ಅದು ಮೊಳೆಯಿಂದ ಇಳಿದದ್ದು ನನ್ನ ದಡ್ಡತನದಿಂದ. ಅದನ್ನು ಬೆಂಕಿಗೆ ಹಿಡಿದು, ಮುಂಗೈಯಿಂದ ಮುಟ್ಟಿ ಕಾವು ನೋಡಿ, ಬೆರಳಿನಿಂದ ಒಮ್ಮೆ ತಟ್ಟಿ ಕಿವಿಗೊಟ್ಟರು. ಆ ಗಮನವನ್ನು ನಾನು ನೋಡುತ್ತ ನಿಂತೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಒಂದು ಪದವನ್ನೂ ನಾನು ಹಾಗೆ ಮುಟ್ಟಿ ನೋಡಿಲ್ಲ.

ಕುರ್ಚಿಯನ್ನು ತೋರಿಸಿದೆ. ಅವರು ಅದಕ್ಕೊಂದು ನಮಸ್ಕಾರ ಹಾಕಿ ಪಕ್ಕದಲ್ಲೇ ನಿಂತರು. ತಮಟೆ ನಿಂತು ಕಲಿಸುವ ವಿದ್ಯೆ, ಕೆಲಸ ಆದ ಮೇಲೆ ಕೂರೋಣ ಎಂದರು. ದಿನವೂ ಅದೇ ಮಾತು. ಎರಡು ವಾರ ಆ ಕುರ್ಚಿಯ ಮೇಲೆ ಮಕ್ಕಳ ಬ್ಯಾಗು ಕೂತವು, ನನ್ನ ಛತ್ರಿ ಕೂತಿತು, ಒಂದು ದಿನ ಬೆಕ್ಕೂ ಕೂತಿತ್ತು. ಸಂಜೆ ಕರೆದುಕೊಂಡು ಹೋಗಲು ಬರುವ ಮಂಜುನಾಥ ಗೇಟಿನ ಹೊರಗಿನಿಂದ ಆ ಕುರ್ಚಿಯನ್ನೇ ನೋಡುತ್ತಿದ್ದ. ನಾನು ಕೂರಿಸಿಲ್ಲ ಎಂದು ಅವನು ತಿಳಿದುಕೊಂಡನೋ ಏನೋ ಎಂದು ನನಗೆ ಸಂಕಟ.

ಮಕ್ಕಳು ಬೇಗ ಕಲಿತರು. ಚೌಡಪ್ಪ ಬಾಯಲ್ಲಿ ಹೇಳುತ್ತಿದ್ದರು, ಎಡಗೈಯಿಂದ ತೊಡೆಯ ಮೇಲೆ ತಟ್ಟಿ ತೋರಿಸುತ್ತಿದ್ದರು. ಒಂದು ವಾರದಲ್ಲಿ ನಾಲ್ಕೈದು ಬಗೆಯ ಏಟು ಕೂತವು. ಡಿಸ್ಕೋಗೆ ಬಂದಾಗ ಎಲ್ಲ ಕೆಟ್ಟಿತು. ಮೂರು ಏಟು ಸರಿ, ಕೊನೆಯ ಎರಡು ಸರಿ, ಮಧ್ಯೆ ಖಾಲಿ ಬಿಡುವ ಕಡೆ ಒಬ್ಬಳು ಹೊಡೆದೇ ಬಿಡುವಳು, ಇನ್ನೊಬ್ಬಳು ಉಸಿರು ಹಿಡಿದು ತಪ್ಪುವಳು. ಚೌಡಪ್ಪ ಒಂದು ದಿನ ತಡೆಯಲಾರದೆ ತಮ್ಮ ತಮಟೆಯನ್ನು ಕೊರಳಿಗೆ ಹಾಕಿಕೊಂಡು, ನೋವು ಕಚ್ಚಿಕೊಂಡು, ಎರಡು ಸುತ್ತು ಬಾರಿಸಿ ತೋರಿಸಿದರು. ನಾನು ಅದನ್ನು ಫೋನಿನಲ್ಲಿ ಹಿಡಿದುಕೊಂಡೆ. ಸಿಕ್ಕಿತು, ಇನ್ನು ಇದು ಎಲ್ಲೂ ಹೋಗುವುದಿಲ್ಲ ಎಂದು ಹಿಗ್ಗಿ ಅವರ ಕಿವಿಯ ಹತ್ತಿರ ಹಿಡಿದು ಕೇಳಿಸಿದೆ. ಅವರು ಪೂರ್ತಿ ಕೇಳಿ ಫೋನನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

"ಸದ್ದು ಐತಮ್ಮ. ಕಾಲಿಲ್ಲ," ಎಂದರು.

ನನಗೆ ಅರ್ಥವಾಗಲಿಲ್ಲ. ಹರ್ಷಿತಾಗೂ ಆಗಲಿಲ್ಲ. ಹಾಗಾದರೆ ನಿಮಗೆ ಇದನ್ನು ಕಲಿಸಿದ್ದು ಯಾರು ತಾತಾ ಎಂದು ಅವಳು ಕೇಳಿದಳು. ವಾರ್ಷಿಕೋತ್ಸವಕ್ಕೆ ಎರಡೇ ದಿನ ಉಳಿದಿತ್ತು. ಚೌಡಪ್ಪ ತಮಟೆಯನ್ನು ಕೊರಳಿನಿಂದ ಇಳಿಸಿ, ಕುರ್ಚಿಯ ಬೆನ್ನಿಗೆ ಕೈಯೂರಿ ನಿಂತು ಹೇಳಿದರು.

ಯಾರೂ ಕಲಿಸಲಿಲ್ಲವಂತೆ. ಶ್ರೀನಿವಾಸಪುರದ ಕಡೆ ಒಂದು ಮದುವೆ. ಗಂಡಿನ ಕಡೆಯ ಪೇಟೆಯ ಹುಡುಗರು ಡಿಸ್ಕೋ ಹೊಡಿ ಎಂದರು. ಚೌಡಪ್ಪನವರಿಗೆ ಆ ಮಾತೇ ಗೊತ್ತಿರಲಿಲ್ಲ, ಹಾಗೆಂದರೇನು ಸ್ವಾಮಿ ಎಂದು ಕೇಳಿದರು. ಅವರಿಗೂ ಸರಿಯಾಗಿ ಹೇಳಲು ಬರಲಿಲ್ಲ. ಆಗ ಹೆಣ್ಣಿನ ಕಡೆಯ ಒಬ್ಬ ಹುಡುಗ, ಬೆಂಗಳೂರಿನಲ್ಲಿ ನೋಡಿದ್ದೇನೆ, ನಾನು ತೋರಿಸುತ್ತೇನೆ ಎಂದು ಮುಂದೆ ಬಂದ. ಅವನ ಒಂದು ಕಾಲು ಸಣ್ಣಗಿತ್ತು. ಅವನು ಕುಣಿದ, ಕಾಲು ಹಿಂದೆ ಬಿತ್ತು, ಪೇಟೆಯ ಹುಡುಗರು ನಕ್ಕರು. ಹುಡುಗನ ಮುಖ ಸಣ್ಣದಾಯಿತು. ಆದರೂ ನಿಲ್ಲಿಸಲಿಲ್ಲ.

"ನಂಗೆ ಹೊಟ್ಟೆ ಉರೀತಮ್ಮ. ಅವ್ರ ಡಿಸ್ಕೋ ಯಾವನಿಗೆ ಬೇಕು. ನಾನು ಆ ಹುಡುಗನ ಕಾಲು ನೋಡ್ಕೊಂಡು ಹೊಡ್ದೆ. ಅವನ ಕಾಲು ಬರೋವರ್ಗೂ ನಿಲ್ಸಿ, ಬಂದ್ಮೇಲೆ ಹೊಡ್ದೆ. ಆಮೇಲೆ ಅವನ ಹೆಜ್ಜೆನೇ ಸರಿ, ಮಿಕ್ಕೋರ್ದೆಲ್ಲ ತಪ್ಪು. ನಕ್ಕೋರೆಲ್ಲ ಅವನ ಹಂಗೇ ಕುಣೀಬೇಕಾಯ್ತು."

ನಾನು ಮೈದಾನದ ಮಣ್ಣು ನೋಡುತ್ತ ನಿಂತಿದ್ದೆ. ಬುಟ್ಟಿಯ ಮೇಲೆ ನಿಂತು ನಾನು ಕೇಳಿದ ನಗು ಅದು. ಇಡೀ ಊರು ನನ್ನ ಮಾವನ ಹೆಜ್ಜೆಗೆ ಬಂದಿತ್ತು, ಮುಂದೆ ನಾಲ್ಕು ತಾಲ್ಲೂಕು ಬಂದಿತ್ತು, ಅದಕ್ಕೇ ಅವನು ಅಂಗಡಿಗೆ ಆ ಹೆಸರು ಬರೆಸಿದ್ದ. ನಾನು ಮಾತ್ರ ಹಾಸ್ಟೆಲಿನ ನಾಲ್ಕು ಹುಡುಗಿಯರು ನಕ್ಕರೆಂದು ಆ ಹೆಜ್ಜೆಯನ್ನು ಬಿಟ್ಟುಬಿಟ್ಟಿದ್ದೆ. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅವನ ಹತ್ತಿರ ಇದನ್ನು ಯಾವತ್ತೂ ಕೇಳಲಿಲ್ಲವಲ್ಲ ಎಂದು ನನಗೆ ಅಳು ಬಂತು, ಮಕ್ಕಳ ಮುಂದೆಯೇ ಅತ್ತೆ. ಅವನು ನನ್ನ ಮಾವ, ಗೋಪಾಲ ಎಂದು ಚೌಡಪ್ಪನವರಿಗೆ ಹೇಳಿದೆ. ಅವರು, ಆ ಹುಡುಗನ ಹೆಸರು ತಮಗೆ ಗೊತ್ತೇ ಇರಲಿಲ್ಲ, ಕಾಲು ಮಾತ್ರ ನೆನಪಿದೆ ಎಂದರು. ಆಮೇಲೆ ಹರ್ಷಿತಾಳನ್ನು ನೋಡಿ, ಮಕ್ಕಳೆಲ್ಲ ತಪ್ಪುತ್ತಿದ್ದ ಆ ಖಾಲಿ ಜಾಗವನ್ನು ಗಾಳಿಯಲ್ಲಿ ಬೆರಳಿನಿಂದ ತೋರಿಸಿದರು.

"ಆಡ ಕಾಲು ವೆಯ್ಯಾಲಮ್ಮಾ," ಎಂದರು.

ಅಲ್ಲಿ ಕಾಲು ಇಡಬೇಕು. ನಮ್ಮ ಕಡೆ ಹೊಟ್ಟೆಯೊಳಗಿನ ಮಾತು ತೆಲುಗಿನಲ್ಲೇ ಬರುವುದು. ಆ ಜಾಗ ಖಾಲಿಯಲ್ಲ, ಕುಣಿಯುವವರಿಗೆ ಬಿಟ್ಟದ್ದು, ಅದಕ್ಕೇ ಎದುರಿಗೆ ಯಾರೂ ಕುಣಿಯದಿದ್ದರೆ ಅದು ಕೂರುವುದಿಲ್ಲ ಎಂದು ವಿವರಿಸಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಎಳೆದು ಹಾಕುವ ಆ ಹೆಜ್ಜೆ ಯಾರಿಗೂ ಗೊತ್ತಿರಲಿಲ್ಲ. ಚೌಡಪ್ಪನವರಿಗೆ ಮಂಡಿ ನೋವು. ಗೊತ್ತಿದ್ದದ್ದು ನನಗೆ ಒಬ್ಬಳಿಗೇ.

ನಾನು ಚಪ್ಪಲಿ ಬಿಟ್ಟೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಸ್ಟಾಫ್ ರೂಮಿನ ಕಿಟಕಿಯಲ್ಲಿ ಗಣಿತದ ಮೇಷ್ಟ್ರ ತಲೆ ಕಾಣಿಸಿತು, ಪಕ್ಕದಲ್ಲಿ ಇನ್ನೆರಡು ತಲೆ. ಚೌಡಪ್ಪ ತಮ್ಮ ಚರ್ಮದ ತಮಟೆಯನ್ನು ಹರ್ಷಿತಾಳ ಕೊರಳಿಗೆ ಹಾಕಿದರು. ಏಟು ನೋಡಬೇಡ, ಮೇಡಮ್ಮನ ಕಾಲು ನೋಡು ಎಂದರು. ಮೂರು ಏಟು ಬಂತು. ನಾನು ಬಲಗಾಲು ಊರಿದೆ, ಎಡಗೈಯಿಂದ ಮಂಡಿ ಒತ್ತಿಕೊಂಡೆ, ತಡೆದೆ, ಎಡಗಾಲು ಹಿಂದಿನಿಂದ ಬಂತು. ಮೊದಲ ಸಲ ಅವಳು ಅವಸರ ಮಾಡಿದಳು. ಎರಡನೇ ಸಲವೂ ಮಾಡಿದಳು. ನಾನು ಮಾವಿನ ತೋಪಿನ ಬದುವನ್ನು ನೆನೆಸಿಕೊಂಡು, ಎದುರಿಗೆ ಅವನ ಬೆನ್ನು ಇದೆ ಎಂದುಕೊಂಡು, ಅವನ ಹಿಂದೆ ನಡೆದೆ. ನನ್ನ ಸೊಂಟ ನೋಯುತ್ತಿತ್ತು, ಮಕ್ಕಳು ನಗುತ್ತಿದ್ದರು, ನನಗೆ ಯಾವುದೂ ತಾಗಲಿಲ್ಲ. ಮೂರನೆಯ ಸಲವೋ ನಾಲ್ಕನೆಯ ಸಲವೋ ನನ್ನ ಕಾಲು ನೆಲ ಮುಟ್ಟುವವರೆಗೂ ಹರ್ಷಿತಾಳ ಕಡ್ಡಿ ಗಾಳಿಯಲ್ಲಿ ನಿಂತಿತು, ಕಾಲು ಬಿದ್ದ ಮೇಲೆ ಎರಡು ಏಟು ಓಡಿಬಂದು ಸೇರಿದವು. ಅವಳು ತಲೆಯೆತ್ತಲಿಲ್ಲ. ಮತ್ತೆ ಹೊಡೆದಳು, ಮತ್ತೆ ಕಾಯ್ದಳು, ಮತ್ತೆ ಸೇರಿದವು. ಬೇರೆ ಮಕ್ಕಳು ಫೈಬರಿನ ತಮಟೆಗಳಲ್ಲಿ ಒಬ್ಬೊಬ್ಬರಾಗಿ ಹಿಡಿದುಕೊಂಡರು. ಹತ್ತು ಸುತ್ತು, ಇಪ್ಪತ್ತು ಸುತ್ತು, ಒಂದು ಸಲವೂ ಆ ಜಾಗ ತಪ್ಪಲಿಲ್ಲ.

ನನಗೆ ಉಸಿರು ಕಟ್ಟಿ ಬೇವಿನ ಮರಕ್ಕೆ ಒರಗಿದೆ. ತಮಟೆ ನಿಲ್ಲಲಿಲ್ಲ. ಈಗ ಕಾಲು ನನ್ನದಾಗಿರಲಿಲ್ಲ, ಮೈದಾನಕ್ಕೆ ಇಳಿದು ಬಂದ ಇತರ ಮಕ್ಕಳದು. ಗೇಟಿನ ಹತ್ತಿರ ಮಂಜುನಾಥ ಬೈಕಿನಿಂದ ಇಳಿದು ಒಳಗೆ ಬಂದು ನಿಂತಿದ್ದ. ಚೌಡಪ್ಪ ತಮ್ಮ ಕೈಯಲ್ಲೇ ಉಳಿಸಿಕೊಂಡಿದ್ದ ಬಿದಿರು ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು, ಇದು ಇನ್ನು ನನಗೆ ಬೇಡಮ್ಮ ಎಂದರು. ಆಮೇಲೆ ಕುರ್ಚಿಯ ಮೇಲಿದ್ದ ನನ್ನ ಛತ್ರಿಯನ್ನು ತೆಗೆದು ಮರಕ್ಕೆ ಒರಗಿಸಿಟ್ಟು, ಪಂಚೆ ಸರಿಮಾಡಿಕೊಂಡು, ಅದರ ಮೇಲೆ ಕೂತರು.